ಕೀಲಿ ತಗಿಯೂದು: ಇಪ್ಪತ್ಮೂರು

ಉದ್ಯಮಬಾಗದಾಗ ರವಿವಾರ ಲೇಥು ಮಲಗಿರತಾವ.
ಶೆಟರ್ ಅರ್ಧ ಎತ್ತಿ, ಎಣ್ಣಿ ಡ್ರಮ್ಮಿನ ಮ್ಯಾಲ ಪ್ಲೈವುಡ್ ಹಾಸಿ
ನಾವು ನಾಕು ಮಂದಿ ನೆಲಮಾಳಿಗಿಗಿ ಇಳೀತೀವಿ,
ಇಲ್ಲದ ನೆಲಮಾಳಿಗಿ, ತಬಸ್ಸುಮ್ ಬಾಯಿಂದ ಹುಟ್ಟಿದ್ದು.
ವಾರೆಲ್ಲಾ ಆಕಿ ಬಾಜೂ ಫೌಂಡ್ರಿಯ ಬಿಲ್ ಬರೀತಾಳ,
ಇವತ್ತ ಕತ್ತಲಿ, ಬಾವಲಿ, ತುಕ್ಕು ಹಿಡದ ಬಾಗಲಾ.

ದಾಳ ಎರಡು, ಹತ್ತತ್ತು ಮೊಗದವು,
ಬಾಳೇಶ ಹಿತ್ತಾಳಿ ತುಂಡಿನಾಗ ಕೊರದದ್ದು.
ಒಂದು ಏಳರ ಕಡೆ ವಾಲತೈತಿ.
ಗೊತ್ತೈತಿ ಎಲ್ಲಾರಿಗೂ, ಅನ್ನೂದಿಲ್ಲ ಯಾರೂ.

ಆಟದಾಗ ನಾ ಮಿಡತಿ ಅನ್ನೂ ಕಳ್ಳಿ.
ಗ್ವಾಡಿ ಹತ್ತೂದು ನಲವತ್ತು, ಸುಳ್ಳು ಐವತ್ತೈದು,
ಕೀಲಿಕೈ ಇಲ್ಲದ ಕೀಲಿ ತಗಿಯೂದು ಬರೇ ಇಪ್ಪತ್ಮೂರು.
ನೂರರಾಗ ಅಷ್ಟರ ಒಳಗ ಬಿದ್ದರ ಬಾಗಲಾ ತೆರೀತೈತಿ,
ತೆರದರ ಅಂಕಿ ಬಾಜೂಕ ಪೆನ್ಸಿಲ್ಲಿನ ಸಣ್ಣ ಗೀಟು.
ಗೀಟು ಬಿತ್ತಂತ ಕಲತಂಗಲ್ಲ.
ಸಂಜಿಗಿ, ಗಂಟು ಕಟ್ಟೂ ಹೊತ್ತಿನಾಗ, ಮತ್ತೊಮ್ಮೆ ಉರುಳಸಬೇಕು;
ಈ ಸಲ ಇಪ್ಪತ್ಮೂರು ದಾಟಬೇಕು.
ಅಂದ್ರ ಸೋಲಬೇಕು.
ಸೋತರ ಅಂಕಿ ಏರತೈತಿ.

"ಇದೆಂಥಾ ಲೆಕ್ಕ?" ಪರಶರಾಮ ಉರಿದೆದ್ದ.
ಹ್ವಾದ ವರ್ಷದ ಆಟ ಛಲೋ ಇತ್ತಂತ ಅವಗ:
ಹತ್ತು ರಕ್ಕಸರನ್ನ ಕಡದರ ಒಂದು ಮೆಟ್ಟಲ,
ಮೆಟ್ಟಲ ಏರಿದರ ಈಸೂದು ಬರತಿತ್ತು.
"ಹೊಳಿಗಿ ಇಳೀಲಾರದ?" ತಬಸ್ಸುಮ್ ಕೇಳಿದಳು.
"ಇಳೀಲಾರದನ," ಅಂದ. ನಾಚಲಿಲ್ಲ.

ನಾ ಏನೂ ಅನ್ನಲಿಲ್ಲ.
ನನ್ನ ಬೆಂಚಿನ ಕೆಳಗ ಗೋಣಿಚೀಲದಾಗ
ಹದಿನೇಳು ಕೆಟ್ಟ ಬುಶ್ ಅದಾವ,
ಒಂದು ಕೂದಲೆಳಿ ಜಾಸ್ತಿ ಕೊರದದ್ದು,
ಒಂದು ಕೊನೀ ಸುತ್ತಿನಾಗ ಸೀಟಿ ಹೊಡದು ಕೆಟ್ಟದ್ದು.
ಗುಜರಿಗಿ ಹಾಕಂತಾರ. ಹಾಕಿಲ್ಲ.

ಡಬ್ಬಿ ಮರತು ಹೋಗಿದ್ದ ಅಡಿವೆಪ್ಪ ಮಾಮಾ
ಶೆಟರ್ ಕೆಳಗ ಬಗ್ಗಿ ಬಂದ.
ನಲವತ್ತು ವರ್ಷ ಲೇಥಿನ ಮುಂದ ನಿಂತ ಮನಷ್ಯಾ,
ಟೂಲು ಮೊಂಡಾದದ್ದು ಕಿವಿಯಿಂದ ಹೇಳತಾನ.
ನಿಂತು ಎಲ್ಲಾ ಕೇಳಿದ. "ಆ ಲೆಕ್ಕದಾಗ ನಂದೆಷ್ಟವಾ, ತಂಗಿ?"
ನಾವು ಜಗಳಾಡಿ ತೊಂಬತ್ತೇಳು ಅಂತ ಮಾಡಿದಿವಿ.
ಹಿತ್ತಾಳಿ ಅಂಗೈಯಾಗ ತೂಗಿ, ಬಾಳೇಶನ ಕಡೆ ನೋಡಿ,
"ಇದು ವಾಲತೈತಲ್ಲೋ," ಅಂದ. ಉರುಳಿಸಿದ.
ಎಪ್ಪತ್ತೆರಡು.
"ಕಲೀಲಿಲ್ಲ," ಅಂದಳು ತಬಸ್ಸುಮ್ ಮೆಲ್ಲಗ, ತಪ್ಪು ತಂದು ಅನ್ನೂವಂಗ.
ಮಾಮಾ ಡಬ್ಬಿ ಬಗಲಾಗ ಹಿಡದು ನಕ್ಕ:
"ಇನ್ನ ಮೂರು ಉಳದಾವಲ್ಲ, ಸಾಕ."

ಅವ ಹ್ವಾದ ಮ್ಯಾಲ ನನ್ನ ಪಾಳಿ.
ಹ್ಯಾಂಗೋ ಒಂದು ಬಾಗಲಾ ತೆರದಿದ್ದೆ, ಗೀಟು ಇತ್ತು.
ಅರವತ್ತೊಂದು ಬಿತ್ತು. ಇಪ್ಪತ್ಮೂರು ಅಳಿಸಿ ಇಪ್ಪತ್ತೇಳು.
ಆರು ತಿಂಗಳಿಂದ ಅದ ಜಾಗಾಕ್ಕ ರಬ್ಬರ್ ತಿಕ್ಕಿ
ಕಾಗದ ಉಳ್ಳಾಗಡ್ಡಿ ಪೊರಿ ಆಗೇತಿ.
ಶೆಟರ್ ಸಂದಿಯ ಬೆಳಕಿಗಿ ಹಿಡದೆ:
ಹತ್ತು, ಹದಿಮೂರು, ಹದಿನೆಂಟು,
ಒಂದರ ಹಿಂದೊಂದು,
ಒಂದೂ ಪೂರಾ ಹೋಗಿಲ್ಲ.