ಮುಕ್ತಾಯ: ಎಂದಿಗೂ ಇಲ್ಲ

ಗೋಡೆಯ ಕ್ಯಾಲೆಂಡರು ಮಂಡಿಪೇಟೆಯ
ಬೆಳ್ಳಿಯಂಗಡಿಯವರು ಕೊಟ್ಟದ್ದು.
ಅದರ ಚೌಕಗಳೊಳಗೆ ನಾಲ್ಕು ಮಷೀನು, ಮೂರು ಪಾಳಿ,
ನನ್ನ ಕೆಂಪು ಪೆನ್ನು, ಪವಿತ್ರಳ ನೀಲಿ,
ಯಾರೋ ಖಾರ ಮಂಡಕ್ಕಿ ತಿಂದು ಊರಿದ
ಎಣ್ಣೆಯ ಹೆಬ್ಬೆರಳು.

ಇನ್ನು ಇದು ಬ್ಯಾಡ ಸಿಸ್ಟರ್, ಅಂದರು ಮ್ಯಾನೇಜರು,
ಎಲ್ಲಾ ಮೇಲ್‌ನಾಗೈತಿ, ಫೋನಿಗೆ ಇಳಿಸ್ಕೊಳ್ರಿ.

ಸೆಟ್ಟಿಂಗ್ಸಿಗೆ ಹೋದೆ. ಖಾತೆ. ಹೊಸ ಖಾತೆ.
ಪಾಸ್‌ವರ್ಡು ಎರಡು ಸಲ ತಪ್ಪು.
ಅವರು ಚೀಟಿಯಲ್ಲಿ ಬರೆದ ಸೊನ್ನೆ
ಸೊನ್ನೆಯಲ್ಲ, ಓ ಅಂತೆ.
ಆಮೇಲೆ ಫೋನು ಕೇಳಿತು:
ನಿಮ್ಮ ದಿನಗಳನ್ನು ನೋಡಲು ಅನುಮತಿ ಕೊಡುವಿರಾ?
ಇಷ್ಟು ಮರ್ಯಾದೆಯಿಂದ ಮನೆಯಲ್ಲೂ
ಯಾರೂ ಕೇಳಿದ್ದಿಲ್ಲ.
ಕೊಟ್ಟೆ.

ಎರಡು ಬಾಣಗಳು ಒಂದರ ಬಾಲ ಒಂದು ಹಿಡಿದು
ಸುತ್ತತೊಡಗಿದವು.
ಎರಡನೇ ಬೆಡ್ಡಿನಲ್ಲಿ ಗೌಸಿಯಾಬಿ.
ಒಂದು ನಳಿಕೆಯಲ್ಲಿ ಹೋದ ರಕ್ತ ಇನ್ನೊಂದರಲ್ಲಿ ಬರುತ್ತಿತ್ತು.
ಅದೇನು ತಿರುಗ್ತೈತಿ ಸಿಸ್ಟರ್?
ತಾರೀಖುಗಳಮ್ಮ. ಇಲ್ಲಿಂದ ಹೋಗಿ ವಾಪಸ್ ಬರ್ತಾವೆ.
ತೊಳ್ಕೊಂಡು ಬರ್ತಾವೇನು?

ತೊಳೆದುಕೊಂಡು ಬರಲಿಲ್ಲ.
ಐದೂವರೆ ಗಂಟೆ ಜಾರಿಕೊಂಡು ಬಂದವು.
ನಡುರಾತ್ರಿ ದಿಂಬಿನಡಿ ಗುರ್ ಅಂದದ್ದು
ಬೆಳಿಗ್ಗೆ ಆರರ ಅಂಜಿನಪ್ಪ.
ಜಗಳೂರಿನ ಮೊದಲ ಬಸ್ಸಿನವನು
ಹನ್ನೆರಡೂವರೆಗೆ ಬಂದೇಬಿಟ್ಟ ಅಂತ
ಅರ್ಧ ಸೀರೆ ಉಟ್ಟಾದ ಮೇಲೆ
ಗಡಿಯಾರ ನೋಡಿದೆ.
ಫೋನು ಯಾವುದೋ ಸಮುದ್ರದಾಚೆಯ ಊರಲ್ಲಿತ್ತು.
ಅದರ ಪಟ್ಟಿಯಲ್ಲಿ ದಾವಣಗೆರೆ ಹುಡುಕಿದೆ,
ಬೆಂಗಳೂರೂ ಸಿಗಲಿಲ್ಲ.
ಕೊಲ್ಕತ್ತಾ ಒತ್ತಿದೆ.
ಪಿ.ಜೆ. ಬಡಾವಣೆಯಲ್ಲಿ ಮತ್ತೆ ಬೆಳಗಾಯಿತು.

ಉಳಿದವರನ್ನು ನಾನೇ ಸೇರಿಸಬೇಕು.
ಗೌಸಿಯಾಬಿ, ಮಷೀನು ಎರಡು, ಸೋಮ ಗುರು.
ಪುನರಾವರ್ತನೆ: ಪ್ರತಿ ವಾರ.
ಮುಕ್ತಾಯ:
ಇಂಥ ದಿನ,
ಇಷ್ಟು ಸಲದ ನಂತರ,
ಎಂದಿಗೂ ಇಲ್ಲ.
ಬೆರಳು ಅಲ್ಲೇ ನಿಂತಿತು. ಆಕೆ
ಮಿಂಟು ಚೀಪುತ್ತಾ ನನ್ನನ್ನೇ ನೋಡುತ್ತಿದ್ದಳು.
ಎಂದಿಗೂ ಇಲ್ಲ ಅಂತ ಒತ್ತಿದೆ,
ಹಾರೈಕೆಯೋ ಶಿಕ್ಷೆಯೋ ತಿಳಿಯದೆ.
ಸುಮ್ಮನೆ ತಳ್ಳುತ್ತಾ ಹೋದೆ ವರ್ಷಗಳನ್ನು:
ಎರಡು ಸಾವಿರದ ಎಪ್ಪತ್ತು, ಗುರುವಾರ, ಮಷೀನು ಎರಡು.
ಆಗ ಆಕೆಗೆ ನೂರಾ ಎಂಟು.
ನಾನು ರಿಟೈರಾಗಿ ಎಷ್ಟೋ ಕಾಲ.

ಪಾಲಾಕ್ಷನಿಗೆ ಅವನಕ್ಕ ಕರಿಬಸಮ್ಮ
ಒಂದು ಕಿಡ್ನಿ ಕೊಟ್ಟಳು. ಮಣಿಪಾಲದಲ್ಲಿ ಆಪರೇಷನ್ನು.
ನಾಲ್ಕು ತಿಂಗಳಾದ ಮೇಲೆ ಮಾಸ್ಕು ಹಾಕಿಕೊಂಡು ಬಂದ,
ಒಳಗೆ ಬರದೆ ಬಾಗಿಲಲ್ಲೇ ನಿಂತ.
ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ ಗುರ್ ಅಂತು:
ಪಾಲಾಕ್ಷ, ಮಷೀನು ಮೂರು, ಹತ್ತು ನಿಮಿಷದಲ್ಲಿ.
ಇಬ್ಬರೂ ನಕ್ಕೆವು. ಇನ್ನೂ ಅಳಿಸಿಲ್ವಾ ಸಿಸ್ಟರ್?

ಅಳಿಸಹೋದರೆ ಫೋನು ಕೇಳುತ್ತದೆ:
ಇದೊಂದೇ ಸಾಕಾ,
ಇದೂ ಮುಂದಿನವೂ,
ಅಥವಾ ಎಲ್ಲವೂ?
ಈ ಪ್ರಶ್ನೆಗೆ ಮೊದಲೂ ಎರಡು ಸಲ ಉತ್ತರ ಕೊಟ್ಟಿದ್ದೆ.
ಆಗ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.

ಎಲ್ಲಾ ಬ್ಯಾಡ್ರಿ, ಅಂದ,
ಹಿಂದಿಂದು ಇರ್ಲಿ. ಅಕ್ಕ ಸಿಟ್ಟು ಮಾಡಿದಾಗ
ಲೆಕ್ಕ ತೋರಿಸ್ಬೇಕು,
ಎಷ್ಟು ಸೋಮವಾರ ಉಳಿಸಿದೆ ನೋಡು ಅಂತ.

ಇದೂ ಮುಂದಿನವೂ.
ಅವನೇ ಒತ್ತಿದ, ಸ್ಯಾನಿಟೈಸರ್ ಹಚ್ಚಿಕೊಂಡ ಬೆರಳಿಂದ.

ಮಧ್ಯಾಹ್ನವೆಲ್ಲ ಆ ಚೌಕ ಖಾಲಿ ಇತ್ತು.
ಸಂಜೆ ಬಾಣಗಳು ತಿರುಗಿ
ಹೊನ್ನಾಳಿಯ ಹೊಸ ಹೆಸರೊಂದನ್ನು ತಂದಿಟ್ಟವು,
ಕಾಗುಣಿತ ತಪ್ಪಾಗಿ.
ಇನಿಷಿಯಲ್ಲು ಕೇಳಿ ತಿದ್ದಿದೆ.
ಮುಕ್ತಾಯದ ಮುಂದೆ
ಸದ್ಯಕ್ಕೆ ಏನೂ ಒತ್ತಿಲ್ಲ.