ಹತ್ತನೆಯ ಕಾಲಂ

ಸಿದ್ದಾಪುರ, ಮೊಳಕಾಲ್ಮೂರು ತಾಲ್ಲೂಕು.
ಬೆಳಿಗ್ಗೆ ಮಕ್ಕಳಿಗೆ ಸಂಧಿ, ಸಮಾಸ;
ಮೂರು ಗಂಟೆಗೆ ಹೆಗಲಿಗೆ ಗಣತಿಯ ಚೀಲ,
ಕೊರಳಿಗೆ ಗುರುತಿನ ಚೀಟಿ.

ಪಾಲಮ್ಮನ ಮನೆ ನಲವತ್ತೊಂದು.
ಗಂಡ ಓಬಯ್ಯ ಅಕ್ಷರಗುಂಡಿನ ಕಾವಲಿನವನು.
ಬಂಡೆಗೆ ಇಲಾಖೆಯವರು ಮನೆ ಕಟ್ಟಿಸಿದ್ದಾರೆ,
ಅದರ ಬೀಗದಕೈ ಇವನ ಉಡಿದಾರದಲ್ಲಿ.
ಇವರ ಮನೆಗೆ ಬೀಗವಿಲ್ಲ.

ವಯಸ್ಸು?
"ಊರಬಾವಿ ತೋಡಿದ ವರ್ಷ ಹುಟ್ಟಿದ್ದು, ನೀನೇ ಲೆಕ್ಕ ಹಾಕ್ಕ."
ಹಾಕಿದೆ.
ಹತ್ತನೆಯ ಕಾಲಂ: ಮಾತೃಭಾಷೆ.
ಒಂದನ್ನು ಮಾತ್ರ ಬರೆಯತಕ್ಕದ್ದು.

ಪಾಲಮ್ಮ ಶೇಂಗಾ ಸುಲಿಯುವುದ ನಿಲ್ಲಿಸಲಿಲ್ಲ.
"ದೇವರೆತ್ತುಗಳ ಕೂಡ ತೆಲುಗು, ಅವಕ್ಕೆ ಕನ್ನಡ ತಿಳಿಯಲ್ಲ.
ಇವನ ಕೂಡ ಜಗಳಕ್ಕೆ ಕನ್ನಡ,
ತೆಲುಗಲ್ಲಿ ಬೈದ್ರೆ ನಗ್ತಾನೆ.
ಸತ್ತೋರಿಗೆ ಎಡೆ ಇಡೋವಾಗ ನಮ್ಮತ್ತೆ ಹೇಳ್ಕೊಟ್ಟಂಗೆ ಏನೋ ಅಂತೀನಿ,
ಅದು ಯಾವ ಮಾತೋ, ಅವಳಿಗೂ ಗೊತ್ತಿರಲಿಲ್ಲ.
ನೀನು ಯಾವುದನ್ನ ಕೇಳ್ತಿದೀಯಪ್ಪ?"

ನನ್ನ ಪೆನ್ನು 'ತೆ' ಎಂಬಲ್ಲಿ ನಿಂತಿತ್ತು.
ಕೇಳುವ ಮೊದಲೇ ಕೈ ಬರೆಯತೊಡಗಿತ್ತು.

ಜಗಳೂರಿನಲ್ಲಿ ನಮ್ಮದು ಪಿಂಜಾರರ ಓಣಿ.
ಬಿಲ್ಲು ಮಿಡಿದು ಹತ್ತಿ ಎಕ್ಕುತ್ತ ಅವ್ವ ಹಾಡಿದ್ದೆಲ್ಲ ಕನ್ನಡ,
ಬೈದದ್ದು ಕನ್ನಡ, ಜ್ವರದಲ್ಲಿ ಬಡಬಡಿಸಿದ್ದೂ.
ಆ ವರ್ಷ ಬಂದ ಗಣತಿಯವನು
ಹೊಸ್ತಿಲಾಚೆ ನಿಂತು ಹೆಸರು ಕೇಳಿದ. ಇಮಾಂಬಿ, ಅಂದಳು.
ಮುಂದಿನದು ಕೇಳಲಿಲ್ಲ.
ನಾನು ಮಗ್ಗಿ ಬರೆಯುತ್ತಿದ್ದವನು ತಲೆಯೆತ್ತಿ
ಅವನ ಹಾಳೆಯನ್ನು ತಲೆಕೆಳಗಾಗಿ ಓದಿದೆ:
ಉರ್ದು.
"ಬರ್ಕಳ್ಳಿ ಬಿಡು, ಹಾಳೇಲಿ ತಾನೆ" ಅಂದಳು ಅವ್ವ.
ಆಮೇಲೆ ಮೂರು ದಿನ
ಬಿಲ್ಲಿನ ಸದ್ದು ಬರೀ ಸದ್ದಾಗಿತ್ತು.

ದಿಲ್ಲಿಯ ಯಾವುದೋ ಕೂಡಿಕೆಯಲ್ಲಿ
ಅವ್ವ ಈಗಲೂ ಆ ಸಾಲಿನಲ್ಲಿದ್ದಾಳೆ.
ದೇಶ ತನ್ನ ಮಕ್ಕಳ ತಲೆ ಎಣಿಸಿ ಮುಗಿಸಿದಾಗ
ಆ ಕಡೆ ಒಬ್ಬಳು ಹೆಚ್ಚು,
ಈ ಕಡೆ ಒಬ್ಬಳು ಕಡಿಮೆ.
ಮೊತ್ತ ಮಾತ್ರ ಸರಿಯಾಗಿಯೇ ಇದೆ.

"ಬಾ ಮೇಷ್ಟ್ರೆ, ಬಿಸ್ಲು ಇಳಿದಾಗ್ಲೇ ಅಕ್ಷರ ಕಾಣೋದು."
ಓಬಯ್ಯ ಬೀಗ ತೆಗೆದ.
ಓರೆ ಬೆಳಕಿಗೆ ಬಂಡೆಯ ಮೈಮೇಲೆ ಎದ್ದುಬಂತು ಇರುವೆ ಸಾಲು.
ಕಾಯಿಲೆ ಬಿದ್ದ ದನಕ್ಕೆ ಇದನ್ನು ತೊಳೆದ ನೀರು ಕುಡಿಸುತ್ತಿದ್ದನಂತೆ ಅವನ ತಾತ.
ಓದಬಾರದವರು ಅಕ್ಷರವನ್ನು ಕುಡಿದರು.

ಎಲ್ಲಿಯದೋ ಅಪ್ಪಣೆ, ಇಲ್ಲಿಯದಲ್ಲದ ನುಡಿಯಲ್ಲಿ.
ಬರೆದವನು ಎಷ್ಟು ದೂರದವನೋ,
ಸಾಲೆಲ್ಲ ಎಡದಿಂದ ಬಲಕ್ಕೆ ಬರೆದು
ಕೊನೆಗೆ ತನ್ನ ಕಸುಬಿನ ಹೆಸರೊಂದನ್ನು
ಬೇರೆ ಲಿಪಿಯಲ್ಲಿ
ಬಲದಿಂದ ಎಡಕ್ಕೆ ಗೀರಿ ಹೋಗಿದ್ದಾನೆ.
ಇಡೀ ಬಂಡೆ ಸಾಮ್ರಾಜ್ಯದ್ದು.
ನಾಲ್ಕು ಬೆರಳಗಲ ಅವನದು.

"ಇದ್ರಾಗೆ ಏನಂತ ಐತೆ?"
ಮೂವತ್ತು ವರ್ಷ ಕಾದವನು ಇವತ್ತು ಕೇಳಿದ.
ನನಗೆ ಗೊತ್ತಿದ್ದಷ್ಟು ಹೇಳಿದೆ:
ತಾಯಿಯ ಮಾತು ಕೇಳು.
ತಂದೆಯ ಮಾತು ಕೇಳು.
ಇನ್ನೂ ಇದೆ, ಮೊದಲಿಗೆ ಇದು.
"ಅಷ್ಟೇನಾ?" ನಕ್ಕುಬಿಟ್ಟ.
"ನಮ್ಮವ್ವ ದಿನಾ ಅಂತಿದ್ಲು. ಅದಕ್ಕೆ ಬಂಡೆ ಕೊರೀಬೇಕಿತ್ತಾ?"

ಬ್ಲಾಕಿನಲ್ಲಿ ಇನ್ನೂ ಹನ್ನೊಂದು ಮನೆ ಉಳಿದಿದ್ದವು.
ತಿರುಗಿ ಬಂದು ಪಾಲಮ್ಮನೆದುರು ಕೂತೆ,
ಪೆನ್ನು ಜೇಬಿಗಿಟ್ಟು.
ಆ ಎಡೆಯ ಮಾತು ಒಂದು ಸಲ ಹೇಳಮ್ಮ, ಎಂದೆ.
ಮಡಿಲಿನ ಸಿಪ್ಪೆ ಒದರಿ, ಸೆರಗು ಸರಿಮಾಡಿಕೊಂಡು
ಗೋಡೆಯ ಕಡೆ ಮುಖ ತಿರುಗಿಸಿ ಶುರುಮಾಡಿದಳು.

ಕಾಲಮ್ಮಿನಲ್ಲಿ ಆಮೇಲೆ ಏನು ಬರೆದೆನೆಂದು ಹೇಳುವಂತಿಲ್ಲ,
ಗಣತಿಯ ಮಾಹಿತಿ ಗೌಪ್ಯ.
ಕೇಳಿದೆ,
ಎಂದಷ್ಟು ಹೇಳಬಲ್ಲೆ.