ಹಾಫ್ ಮಾರ್ಜಿನ್

ಕಾಗದವನ್ನು ಉದ್ದಕ್ಕೆ ಮಡಿಸಿ ಬಿಚ್ಚಿದರೆ
ನಡುವೆ ಒಂದು ಗೆರೆ. ಎಡಕ್ಕೆ ನನ್ನ ಪ್ರಶ್ನೆ,
ಬಲಕ್ಕೆ ಅವರ ಉತ್ತರ.
ಇಪ್ಪತ್ತಾರು ವರ್ಷ ಈ ಗೆರೆಯ ಮೇಲೇ ನಡೆದಿದ್ದೇನೆ
ಆಯ ತಪ್ಪದೆ.

ಈ ಸಲ ಮೈಸೂರು. ಹೆಬ್ಬಾಳು ಕೈಗಾರಿಕಾ ಪ್ರದೇಶ,
ಬಿಸ್ಕತ್ತು ಬೇಯುವ ವಾಸನೆ ದಾಟಿ ಮೂರನೇ ತಿರುವು,
ಶೀಟು ಹೊದಿಸಿದ ಶೆಡ್ಡು.
ಇಲ್ಲಿ ಗುರುಮಲ್ಲಪ್ಪನವರು
ಆಕಾಶಕ್ಕೆ ಹೋಗುವ ವಾಲ್ವು ಮಾಡುತ್ತಾರೆ,
ಹೆಬ್ಬೆರಳಿನ ಉಗುರಿನಷ್ಟು.

ಪ್ರಶ್ನೆ ಹದಿನೇಳು:
ಬೇಕಿದ್ದದ್ದು ಹನ್ನೆರಡು. ಸರ್ಕಾರ ಹಣ ಕೊಟ್ಟದ್ದು ನಲವತ್ತೆಂಟಕ್ಕೆ.
ಉಳಿದ ಮೂವತ್ತಾರು ಎಲ್ಲಿ?

ಅವರು ಬರೆಯಲಿಲ್ಲ. ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಬಿಚ್ಚಿ
ಹಸಿರು ಬೀರು ತೆರೆದರು.
ಮೂವತ್ತಾರೂ ಇದ್ದವು,
ಮೊಟ್ಟೆ ಇಡುವ ತಟ್ಟೆಯ ಗುಳಿಗಳಲ್ಲಿ ಕೂತು,
ಒಂದೊಂದರ ಕೊರಳಿಗೂ ಕೆಂಪು ಚೀಟಿ:
ಕೂದಲೆಳೆ ಬಿರುಕು.
ಎರಡು ಮೈಕ್ರಾನ್ ಹೆಚ್ಚು.
ಇನ್ನೊಂದಕ್ಕೆ, ಪೆನ್ಸಿಲಿನಲ್ಲಿ,
ಕಾರಣ ಗೊತ್ತಿಲ್ಲ. ಮನಸ್ಸು ಒಪ್ಪಲಿಲ್ಲ.

"ಯಾರ ಮನಸ್ಸು?"
ಲೇತಿನ ಸದ್ದು ನಿಂತಿತು.
"ನಂದೇ ಮೇಡಂ," ಅಂದಳು ರುದ್ರಾಣಿ, ಕೈ ಒರೆಸಿಕೊಳ್ಳುತ್ತ.
"ತಿರುಗೋವಾಗ ಕಿವಿಗೆ ಬೇರೆ ಥರ ಕೇಳ್ತು."

ಅಂಥ ಕಿವಿಗೆ ನನ್ನ ಕೈಪಿಡಿಯಲ್ಲಿ ಕಲಂ ಇಲ್ಲ.

ಒಪ್ಪಿದ ಹನ್ನೆರಡರಲ್ಲಿ ಎರಡು ಹಾರಿದವು.
ಹಾರಿ, ಆರನೇ ನಿಮಿಷಕ್ಕೆ ಸಮುದ್ರಕ್ಕೆ ಬಿದ್ದವು.
ತಪ್ಪು ವಾಲ್ವಿನದಲ್ಲ. ವರದಿಯಿದೆ, ಆರುನೂರು ಪುಟ, ಓದಿದ್ದೇನೆ.
ಆದರೂ ಆ ದಿನ ಈ ಶೆಡ್ಡಿನಲ್ಲಿ
ಯಾರೂ ಊಟದ ಡಬ್ಬಿ ತೆರೆಯಲಿಲ್ಲವಂತೆ.
ಕಡಲ ತಳದ ಆ ಲೋಹಕ್ಕೆ ನಮ್ಮ ಕಚೇರಿಯಲ್ಲಿ
ನಿಷ್ಫಲ ವೆಚ್ಚ ಅನ್ನುತ್ತೇವೆ. ಹಾಗೆಂದು ಹೇಳಿಯೂಬಿಟ್ಟೆ.
ಗುರುಮಲ್ಲಪ್ಪ ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ
ದವಡೆ ನಿಲ್ಲಿಸಿದರು.

ಮಧ್ಯಾಹ್ನ ಕಡಕೊಳದ ಕಡೆ. ಅದೇ ಯೋಜನೆ, ಬೇರೆ ಕಡತ:
ಇಂಥ ವಾಲ್ವುಗಳ ಪರೀಕ್ಷೆಗೆಂದೇ ಕಟ್ಟಿದ ಧೂಳಿಲ್ಲದ ಕೋಣೆ.
ಹನ್ನೊಂದು ಕೋಟಿ. ಉದ್ಘಾಟನೆ ಎರಡು ಸಲ,
ಗೋಡೆಗೆ ಎರಡು ಅಮೃತಶಿಲೆ, ಒಂದರ ಪಕ್ಕ ಒಂದು, ಸವತಿಯರಂತೆ.
ಕರೆಂಟು ಮಾತ್ರ ಬಂದಿಲ್ಲ.
ಕಂಬ ಯಾರು ನೆಡಬೇಕೆಂದು ಎರಡು ಇಲಾಖೆಗಳು
ನಾಲ್ಕು ವರ್ಷದಿಂದ ಪತ್ರ ಬರೆದುಕೊಳ್ಳುತ್ತಿವೆ,
ಪ್ರೇಮಿಗಳಿಗೂ ಇರದ ತಾಳ್ಮೆಯಲ್ಲಿ.

ಒಳಗೆ ಪಾರಿವಾಳ.
ಧೂಳಿಲ್ಲದ ಕೋಣೆಯ ಧೂಳಿನಲ್ಲಿ
ನನ್ನ ಚಪ್ಪಲಿಯದೇ ಮೊದಲ ಗುರುತು.
ಕಾವಲಿನ ಚಿಕ್ಕಹೈದ ರಿಜಿಸ್ಟರು ತಂದುಕೊಟ್ಟ.
ಒಂದು ದಿನವೂ ತಪ್ಪಿಲ್ಲ, ದುಂಡು ಅಕ್ಷರ: ಎಲ್ಲ ಸರಿಯಾಗಿದೆ.
"ಇನ್ನೇನ್ ಬರೀಲವ್ವಾ? ಕಳ್ತನ ಆಗಿಲ್ವಲ್ಲ."

ಆಗಿಲ್ಲ. ಎಲ್ಲ ಬಿಲ್ಲಿಗೂ ರಸೀದಿಯಿದೆ,
ಎಲ್ಲ ರಸೀದಿಗೂ ಸಹಿಯಿದೆ.
ಯಾರ ಕೊರಳಿಗೂ ಕೆಂಪು ಚೀಟಿಯಿಲ್ಲ.
ಬೀಳಬೇಕಾದರೆ ಮೊದಲು ಏಳಬೇಕು.

ರಾತ್ರಿ ಲಾಡ್ಜಿನಲ್ಲಿ ಪ್ರಶ್ನೆ ಹದಿನೇಳನ್ನು ಕೈಬಿಟ್ಟೆ.
ಹದಿನೆಂಟು ಬರೆದೆ. ಒಂಬತ್ತು ಪುಟ,
ಎಡಗಡೆಯೆಲ್ಲ ತುಂಬಿ ಬೆರಳು ಜೋಮು ಹಿಡಿಯಿತು.
ಬಲಗಡೆ ಏನು ಬರುತ್ತದೆಂದು ಗೊತ್ತು: ಗಮನಿಸಲಾಗಿದೆ.
ದಿಲ್ಲಿಯ ಸಮಿತಿ ಆ ಪುಟಕ್ಕೆ ಬರುವ ಹೊತ್ತಿಗೆ
ಪಾರಿವಾಳ ಮರಿಮಕ್ಕಳನ್ನು ಕಂಡಿರುತ್ತದೆ,
ನಾನು ಪಿಂಚಣಿ.

ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವ ಮುನ್ನ
ಸುಮ್ಮನೆ ಮತ್ತೆ ಶೆಡ್ಡಿಗೆ ಹೋದೆ.
ಆ ಮನಸ್ಸು ಒಪ್ಪದ ವಾಲ್ವು,
ಅದೊಂದನ್ನು ಕೊಡುತ್ತೀರಾ ಅಂದೆ,
ಮೇಜಿನ ಮೇಲಿಡಲಿಕ್ಕೆ,
ಕಾಗದ ಹಾರದ ಹಾಗೆ.

ಗುರುಮಲ್ಲಪ್ಪ ತಲೆ ಕೆರೆದುಕೊಂಡರು.
"ಹೆಂಗಾಯ್ತದೆ ಮೇಡಂ,
ಮೂವತ್ತಾರು ಅಂತ ನೀವೇ ಬರ್ಕೊಂಡೋಗಿದೀರಿ."

ಬೀರು ಮುಚ್ಚುವ ಮೊದಲು
ನನ್ನೆದುರೇ ಇನ್ನೊಮ್ಮೆ ಎಣಿಸಿದರು, ಬೆರಳು ಊರಿ,
ತುಟಿ ಅಲ್ಲಾಡಿಸುತ್ತ, ಒಂದರಿಂದ.